ಮುನ್ನುಡಿ ಲಗತ್ತಿಸಿದೆ

(ಒಬ್ಬರು ತಿಪಟೂರು ಕಡೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ಕನ್ನಡದ ಕಾದಂಬರಿಯೊಂದನ್ನು ಇಂಗ್ಲಿಷಿಗೆ ಅನುವಾದಿಸಿ ಮುಗಿಸಿದ್ದಾರೆ. ಇನ್ನೊಬ್ಬರು ಇಂಗ್ಲಿಷ್ ಪ್ರಕಾಶನದಲ್ಲಿ ಬಹುಕಾಲ ಸಂಪಾದಕಿಯಾಗಿದ್ದವರು, ಈಗ ನಿವೃತ್ತರು, ವಾಸ ಬೆಂಗಳೂರು. ಮೇಷ್ಟ್ರು ಸಾಹಿತ್ಯ ಏಜೆಂಟರಿಗೆ ಕಳಿಸಲು ಬರೆದಿಟ್ಟುಕೊಂಡ ಪತ್ರವನ್ನು ಇಬ್ಬರೂ ಓದುತ್ತಿದ್ದಾರೆ.)

ಮೇಡಂ: ಲಗತ್ತುಗಳಿಂದಲೇ ಶುರು ಮಾಡೋಣ. ಪೂರ್ತಿ ಹಸ್ತಪ್ರತಿ, 412 ಪುಟ. ಮೂಲ ಕಾದಂಬರಿಗೆ ಹಿರಿಯ ವಿಮರ್ಶಕರು ಬರೆದ ಮುನ್ನುಡಿಯ ಅನುವಾದ. ಪತ್ರಿಕೆಗಳಲ್ಲಿ ಬಂದ ವಿಮರ್ಶೆಗಳ ಸ್ಕ್ಯಾನ್. ನಿಮ್ಮ ಬಯೋಡೇಟಾ, ಅದರಲ್ಲಿ ಎನ್‌ಎಸ್‌ಎಸ್ ಶಿಬಿರ ನಡೆಸಿದ್ದೂ ಇದೆ. ಆಮೇಲೆ ಶಾಲು ಹೊದಿಸಿದ ಫೋಟೊ ಒಂದು.

ಮೇಷ್ಟ್ರು: ಫೋಟೊ ನನ್ನದಲ್ಲ ಮೇಡಂ, ಮೂಲ ಲೇಖಕರದ್ದು. ಪ್ರಶಸ್ತಿ ತಗೊಂಡಾಗ ತೆಗೆದದ್ದು.

ಮೇಡಂ: ಯಾರದ್ದಾದರೂ ಶಾಲು ಶಾಲೇ. ಇದಿಷ್ಟನ್ನೂ ಒಂದೇ ಮೇಲ್‌ನಲ್ಲಿ, ದೆಹಲಿ, ಲಂಡನ್, ನ್ಯೂಯಾರ್ಕಿನ ಏಜೆಂಟರ ವಿಳಾಸಗಳನ್ನೆಲ್ಲ ಸಾಲಾಗಿ ಹಾಕಿ, ‘ಡಿಯರ್ ಸರ್ ಆರ್ ಮೇಡಂ’ ಅಂತ ಕಳಿಸಬೇಕು ಅಂತಿದ್ದೀರಿ.

ಮೇಷ್ಟ್ರು: ಬಿಸಿಸಿ ಹಾಕ್ತೀನಿ ಬೇಕಾದರೆ.

ಮೇಡಂ: ಬಿಸಿಸಿ ಹಾಕಿದರೂ ‘ಸರ್ ಆರ್ ಮೇಡಂ’ ಹಾಗೇ ಇರುತ್ತಲ್ಲ. ಊರಿಗೆಲ್ಲ ಹಂಚಿದ ಪತ್ರ ಅಂತ ಮೊದಲ ಸಾಲಿಗೇ ಗೊತ್ತಾಗುತ್ತೆ. ಐದಾರು ಜನಕ್ಕೆ ಒಟ್ಟಿಗೆ ಕಳಿಸೋದು ತಪ್ಪೇನಲ್ಲ, ಅಲ್ಲಿ ಅದು ರೂಢಿ. ಆದರೆ ಒಬ್ಬೊಬ್ಬರಿಗೂ ಬೇರೆ ಪತ್ರ, ಹೆಸರು ಹಾಕಿ, ಇವರಿಗೇ ಯಾಕೆ ಅನ್ನೋದಕ್ಕೆ ಒಂದು ವಾಕ್ಯ ಸೇರಿಸಿ. ಇವರು ಅನುವಾದ ನೋಡ್ತಾರಾ, ಕಾದಂಬರಿ ತಗೊಳ್ತಾರಾ ಅಂತಲಾದರೂ ವಿಚಾರಿಸಿದ್ರಾ? ನಿಮ್ಮ ಪಟ್ಟಿಯಲ್ಲಿ ಬರೀ ಅಡುಗೆ ಪುಸ್ತಕ, ವ್ಯಾಪಾರದ ಪುಸ್ತಕ ಮಾರೋರೂ ಇದ್ದಾರೆ.

ಮೇಷ್ಟ್ರು: ಹಸ್ತಪ್ರತಿ ಪೂರ್ತಿ ಕಳಿಸಿದರೆ ಏನು ತಪ್ಪು? ಇಲ್ಲಿ ಪ್ರಕಾಶಕರಿಗೆ ಪೂರ್ತೀನೇ ಕೊಡ್ತೀವಿ.

ಮೇಡಂ: ಅಲ್ಲಿ ಏನು ಕಳಿಸಬೇಕು ಅಂತ ಪ್ರತಿ ಏಜೆನ್ಸಿಯೂ ಬರೆದಿಟ್ಟಿರುತ್ತೆ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಒಂದು ಪತ್ರ, ಒಂದು ಕಥಾಸಾರಾಂಶ, ಮೊದಲ ಮೂರು ಅಧ್ಯಾಯ ಇಲ್ಲವೇ ಹತ್ತು ಸಾವಿರ ಪದ. ಇಲ್ಲಿನವರೂ ಹೆಚ್ಚುಕಡಿಮೆ ಅದೇ ಕೇಳ್ತಾರೆ. ಅಮೆರಿಕದಲ್ಲಿ ಪತ್ರದ ಕೆಳಗೇ ಮೊದಲ ಐದೋ ಹತ್ತೋ ಪುಟ ಅಂಟಿಸಿ ಅಂತಾರೆ, ವೈರಸ್ಸಿನ ಭಯಕ್ಕೆ ಲಗತ್ತು ತೆಗೆಯದೇ ಇರೋರು ಬಹಳ. ಕೆಲವರದು ಆನ್‌ಲೈನ್ ಫಾರ್ಮು. ಯಂತ್ರಾನುವಾದ ಬಳಸಿದ್ದೀರಾ ಅಂತಲೂ ಈಗೀಗ ಅದರಲ್ಲಿ ಕೇಳೋದುಂಟು. ಕೇಳಿದ್ದಷ್ಟು ಕೊಡಿ. ಬೇಕಾದರೆ ಅವರೇ ಪೂರ್ತಿ ತರಿಸ್ಕೋತಾರೆ. ಇನ್ನೊಂದು ವಿಷಯ ಗೊತ್ತಿರಲಿ, ಎಷ್ಟೋ ಕಡೆ ಮೊದಲು ಓದೋದು ಏಜೆಂಟ್ ಅಲ್ಲ, ಅವರ ಸಹಾಯಕರು. ರೌಲಿಂಗ್ 1995ರಲ್ಲಿ ಕ್ರಿಸ್ಟೊಫರ್ ಲಿಟ್ಲ್ ಅವರ ಏಜೆನ್ಸಿಗೆ ಹ್ಯಾರಿ ಪಾಟರ್‌ನ ಮೊದಲ ಅಧ್ಯಾಯಗಳನ್ನ ಕಳಿಸಿದಾಗ ಅವರು ಮಕ್ಕಳ ಪುಸ್ತಕ ತಗೊಳ್ತಾನೇ ಇರಲಿಲ್ಲ. ವಾಪಸ್ ಕಳಿಸೋ ರಾಶಿಗೆ ಸೇರಿದ್ದನ್ನ ಎತ್ತಿಕೊಂಡು ಓದಿದ್ದು ಆಫೀಸಿನ ಒಬ್ಬ ಹುಡುಗಿ, ಬ್ರಯೊನಿ ಇವೆನ್ಸ್.

ಮೇಷ್ಟ್ರು: ಅಲ್ಲಿಗೆ ನಿಯಮ ಮುರಿದವರಿಗೇ ಅದೃಷ್ಟ ಅಂದ ಹಾಗಾಯ್ತು!

ಮೇಡಂ: ಅವರು ಮುರಿದದ್ದು ಒಂದು ನಿಯಮ. ನೀವು ಎಲ್ಲವನ್ನೂ ಒಂದೇ ಮೇಲ್‌ನಲ್ಲಿ ಮುರಿಯೋಕೆ ಹೊರಟಿದ್ದೀರಿ.

ಮೇಷ್ಟ್ರು: ಮುನ್ನುಡಿ ಮಾತ್ರ ಬಿಡೋಕೆ ಮನಸ್ಸಿಲ್ಲ ಮೇಡಂ. ಅದು ಸಾಮಾನ್ಯರು ಬರೆದದ್ದಲ್ಲ.

ಮೇಡಂ: ಬರೆದವರು ನನಗೂ ಗುರುಸಮಾನರೇ. ಆದರೆ ನಮ್ಮಲ್ಲಿ ಮುನ್ನುಡಿಯ ಕೆಲಸ ಏನು? ಈ ಪುಸ್ತಕಕ್ಕೆ ದೊಡ್ಡವರ ಆಶೀರ್ವಾದ ಇದೆ ಅಂತ ಓದುಗರಿಗೆ ತಿಳಿಸೋದು. ಅವರು ಯಾರು ಅಂತ ಗೊತ್ತಿದ್ದೋರಿಗೆ ತಾನೇ ಆ ಆಶೀರ್ವಾದದ ಬೆಲೆ? ಲಂಡನ್ನಿನ ಆ ಸಹಾಯಕಿಗೆ ಹೆಸರೂ ಗೊತ್ತಿಲ್ಲ, ಗೊತ್ತು ಮಾಡ್ಕೊಳೋಕೆ ಪುರುಸೊತ್ತೂ ಇಲ್ಲ. ನೀವು ಏಜೆಂಟರನ್ನ ಬಹುಮಾನ ಸಮಿತಿಯ ತೀರ್ಪುಗಾರರು ಅಂದ್ಕೊಂಡು ಬರೆದಿದ್ದೀರಿ. ಕೃತಿ ದೊಡ್ಡದು, ಲೇಖಕರು ದೊಡ್ಡವರು, ನಾನೂ ಅರ್ಹ, ಇದಕ್ಕೆಲ್ಲ ಪುರಾವೆ ಲಗತ್ತಿಸಿದೆ ಅಂತ. ಏಜೆಂಟ್ ತೀರ್ಪು ಕೊಡೋರಲ್ಲ. ಇನ್ನೊಬ್ಬರಿಗೆ ಮಾರಬೇಕಾದೋರು.

ಮೇಷ್ಟ್ರು: ನಮ್ಮ ಕೊಬ್ಬರಿ ಮಂಡಿ ದಲ್ಲಾಳಿಗಳ ಥರ.

ಮೇಡಂ: ಬಹಳಷ್ಟು. ಮಾಲು ಹೋದರೆ ಕಮಿಷನ್, ಹೋಗದಿದ್ದರೆ ಸೊನ್ನೆ. ಹಾಗಾಗಿ ಅವರ ತಲೆಯಲ್ಲಿರೋದು ಒಂದೇ ಪ್ರಶ್ನೆ. ಇದನ್ನ ನಾಳೆ ಒಬ್ಬ ಸಂಪಾದಕರಿಗೆ ಫೋನಿನಲ್ಲಿ ಹೇಗೆ ಹೇಳಲಿ? ಹೇಳೋಕೆ ಮಾತು ನಿಮ್ಮ ಪತ್ರದಲ್ಲೇ ಸಿಗಬೇಕು. ಈಗ ನಿಮ್ಮ ಮೊದಲ ಪ್ಯಾರಾ ಓದಿ, ಕನ್ನಡದಲ್ಲೇ ಹೇಳಿ.

ಮೇಷ್ಟ್ರು: ‘ಗ್ರಾಮೀಣ ಕರ್ನಾಟಕದ ಸಂಕ್ರಮಣ ಕಾಲದ ಮೌಲ್ಯಗಳ ತಾಕಲಾಟವನ್ನು ಅನನ್ಯವಾಗಿ ಕಟ್ಟಿಕೊಡುವ ಮಹತ್ವದ ಕೃತಿ ಇದಾಗಿದ್ದು...’

ಮೇಡಂ: ಸಾಕು. ಈ ವಾಕ್ಯವನ್ನ ನಮ್ಮ ಎಷ್ಟು ಕಾದಂಬರಿಗೆ ಬೇಕಾದರೂ ಅಂಟಿಸಬಹುದು, ಯಾವುದಕ್ಕೂ ಸುಳ್ಳಾಗಲ್ಲ. ಪತ್ರ ಮುಚ್ಚಿಡಿ. ಕಥೆ ಏನು, ಹೇಳಿ.

ಮೇಷ್ಟ್ರು: ಎಪ್ಪತ್ತರ ದಶಕ. ಒಂದು ಕೊಬ್ಬರಿ ಮಂಡಿ. ಅಲ್ಲೊಬ್ಬ ಗುಮಾಸ್ತ. ಮೂವತ್ತು ವರ್ಷ ಎರಡು ಲೆಕ್ಕದ ಪುಸ್ತಕ ಬರೆದಿರ್ತಾನೆ. ಒಂದು ಸೇಲ್ಸ್ ಟ್ಯಾಕ್ಸ್‌ನವರಿಗೆ ತೋರಿಸೋದು. ಇನ್ನೊಂದು ನಿಜದ್ದು, ಅದರಲ್ಲಿ ರೈತರಿಗೆ ಕೊಡಬೇಕಾದ ಬಾಕಿ ಎಲ್ಲ ಇರುತ್ತೆ. ಸಾಹುಕಾರ ಸತ್ತು ಮಕ್ಕಳು ಭಾಗಕ್ಕೆ ಕೂರ್ತಾರೆ. ಅವರಿಗೆ ಗೊತ್ತಿರೋದು ಅಂಗಡಿಯಲ್ಲಿರೋ ಪುಸ್ತಕ ಒಂದೇ. ಇನ್ನೊಂದು ಇವನ ಮನೆಯ ಅಟ್ಟದ ಮೇಲಿದೆ. ಹೊರಗೆ ತೆಗೆದರೆ ಅನ್ನ ಕೊಟ್ಟ ಮನೆ ಬೀದಿಗೆ ಬೀಳುತ್ತೆ. ಸುಟ್ಟರೆ ರೈತರು ಮುಳುಗ್ತಾರೆ, ಅವರಲ್ಲಿ ಇವನ ಸ್ವಂತ ತಂಗಿಯೂ ಒಬ್ಬಳು.

ಮೇಡಂ: ನೋಡಿ, ಇದನ್ನ ಬಿಟ್ಟು ಮೌಲ್ಯಗಳ ತಾಕಲಾಟ ಅಂತ ಬರೆದಿದ್ದೀರಲ್ಲ! ಈಗ ಹೇಳಿದ್ದನ್ನೇ ಬರೀರಿ. ಎರಡನೇ ಪುಸ್ತಕ ಅಟ್ಟದ ಮೇಲಿದೆ ಅನ್ನೋ ಹೊತ್ತಿಗೆ ಓದೋರು ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿರ್ತಾರೆ. ಪತ್ರ ಪೂರ್ತಿ ಒಂದು ಪುಟ ದಾಟಬಾರದು, ಮುನ್ನೂರು ಮುನ್ನೂರೈವತ್ತು ಪದ. ಅದರಲ್ಲಿ ಅರ್ಧ ಈ ಕಥೆಗೆ. ಮಿಕ್ಕದ್ದು ಪುಸ್ತಕ ಎಷ್ಟು ಪದ, ಮೂಲ ಯಾವ ವರ್ಷ ಬಂತು, ಯಾವ ಪ್ರಶಸ್ತಿ ಬಂತು. ಪ್ರಶಸ್ತಿಗೆ ಒಂದು ಸಾಲು ಸಾಕು. ನಿಮ್ಮ ಬಗ್ಗೆ ಎರಡು ಸಾಲು.

ಮೇಷ್ಟ್ರು: ಅದೇ ಬಯೋಡೇಟಾದಲ್ಲಿ...

ಮೇಡಂ: ಬಯೋಡೇಟಾದಲ್ಲಿ ಇಲ್ಲದ್ದನ್ನ ಹೇಳಿ. ನಿಮ್ಮ ತಂದೆ ಮಂಡಿಯಲ್ಲಿ ತೂಕ ಹಾಕ್ತಿದ್ದರು ಅಂತ ಒಂದ್ಸಲ ಅಂದಿದ್ರಿ. ಹರಾಜಿನ ಮಾತು, ಲೆಕ್ಕದ ಮಾತು ಕಿವಿ ಮೇಲೆ ಬಿದ್ದೇ ಬೆಳೆದೋರು ನೀವು. ಈ ಪುಸ್ತಕ ಅನುವಾದಿಸೋಕೆ ಪಿಎಚ್‌ಡಿಗಿಂತ ಅದು ದೊಡ್ಡ ಅರ್ಹತೆ. ಎನ್‌ಎಸ್‌ಎಸ್ ತೆಗೀರಿ. ಅದಿರಲಿ, ಗುಮಾಸ್ತ ಕೊನೆಗೆ ಏನು ಮಾಡ್ತಾನೆ? ನಿಮ್ಮ ಸಾರಾಂಶದಲ್ಲಿ ‘ಮುಂದೇನಾಯಿತು ಎಂಬುದನ್ನು ಓದಿಯೇ ತಿಳಿಯಬೇಕು’ ಅಂತ ನಿಲ್ಲಿಸಿದ್ದೀರಿ.

ಮೇಷ್ಟ್ರು: ಕುತೂಹಲ ಉಳೀಲಿ ಅಂತ.

ಮೇಡಂ: ಪುಸ್ತಕದ ಹಿಂಬದಿಯಲ್ಲಿ ಉಳಿಸಿ. ಏಜೆಂಟರಿಗೆ ಕೊಡೋ ಸಾರಾಂಶದಲ್ಲಿ ಕೊನೆ ಇರಲೇಬೇಕು. ಕಥೆ ಕೊನೇತನಕ ನಿಲ್ಲುತ್ತಾ ಅಂತ ನೋಡೋಕೇ ಅದನ್ನ ಕೇಳೋದು.

ಮೇಷ್ಟ್ರು: ಸಂತೆ ದಿನ ಮಂಡಿ ಮುಂದೆ ಕೂತು ಎರಡನೇ ಪುಸ್ತಕದ ಬಾಕಿಯನ್ನ ಹೆಸರು ಹಿಡಿದು ಗಟ್ಟಿಯಾಗಿ ಓದ್ತಾನೆ. ಯಾರೂ ನಂಬಲ್ಲ. ಮೂವತ್ತು ವರ್ಷ ಸುಳ್ಳು ಲೆಕ್ಕ ಬರೆದೋನಲ್ವಾ.

ಮೇಡಂ: ಇಂಥ ಕೊನೆ ಇಟ್ಕೊಂಡು ಬಚ್ಚಿಡ್ತಾರಾ ಯಾರಾದರೂ? ಸರಿ, ಮುಂದಿನ ಸಾಲು. ‘ಇದು ಮುಂದಿನ ಹಾರ್ಟ್ ಲ್ಯಾಂಪ್.’

ಮೇಷ್ಟ್ರು: ಹೋಲಿಕೆಗೆ ಪುಸ್ತಕದ ಹೆಸರು ಕೊಡಿ ಅಂತ ಅವರೇ ಕೇಳ್ತಾರೆ ಮೇಡಂ.

ಮೇಡಂ: ಕೇಳ್ತಾರೆ. ಯಾವ ಓದುಗರು, ಅಂಗಡಿಯಲ್ಲಿ ಯಾವ ಕಪಾಟು ಅಂತ ತಿಳ್ಕೊಳೋಕೆ. ಬಾನು ಮುಷ್ತಾಕ್ ಅವರದು ಕಥೆಗಳು, ಮುಸ್ಲಿಂ ಹೆಣ್ಣುಮಕ್ಕಳ ಬದುಕು. ನಿಮ್ಮದು ಮಂಡಿ ಗುಮಾಸ್ತನ ಕಾದಂಬರಿ. ಎರಡೂ ಕನ್ನಡದಿಂದ ಬಂದವು ಅನ್ನೋದು ಬಿಟ್ಟರೆ ಏನು ಸಂಬಂಧ? 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಕನ್ನಡದಿಂದ ಹೋಗೋ ಪತ್ರಗಳಲ್ಲೆಲ್ಲ ಆ ಹೆಸರು ಇರುತ್ತೆ ಅಂತ ಊಹಿಸೋಕೆ ಜ್ಯೋತಿಷ್ಯ ಬೇಕಾಗಿಲ್ಲ. ‘ಘಾಚರ್ ಘೋಚರ್’ ಅಂತಲೂ ಬರೆದಿದ್ದೀರಿ. ಅದು ಅಮೆರಿಕದಲ್ಲಿ ಬಂದದ್ದು 2017ರಲ್ಲಿ. ಮನೆಯ ದುಡ್ಡು, ಅದರ ಹಿಂದಿನ ಮುಚ್ಚುಮರೆ, ಆ ಮಟ್ಟಿಗೆ ಹತ್ತಿರ ಅನ್ನಬಹುದು. ಆದರೆ ಈಚಿನ ನಾಲ್ಕೈದು ವರ್ಷದ್ದನ್ನ ಹುಡುಕಿ. ಯಾವ ದೇಶದ್ದಾದರೂ ಆಗಲಿ, ಸಣ್ಣ ಊರಿನ ಲೆಕ್ಕಪತ್ರ, ನಿಷ್ಠೆ, ಮೋಸ ಇರೋ ಕಾದಂಬರಿ. ಹುಡುಕಬೇಕಾದರೆ ಓದಬೇಕಾಗುತ್ತೆ, ಅದೇ ತೊಂದರೆ.

ಮೇಷ್ಟ್ರು: ನೀವು ಏನೇ ಹೇಳಿ, ನನಗೆ ಒಂದು ಕಸಿವಿಸಿ ಇದೆ. ಕುವೆಂಪುಗೆ ಯಾವ ಏಜೆಂಟ್ ಇದ್ದ? ಕಾರಂತರಿಗೆ? ಫೋನಿನಲ್ಲಿ ಹೇಳೋಕಾಗುವ ಕಥೆ ಇದ್ದರೆ ಮಾತ್ರ ಪುಸ್ತಕ ಅನ್ನೋದಾದರೆ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗತಿ ಏನು?

ಮೇಡಂ: ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಕೆಲವು ಪುಸ್ತಕ ಆ ಬಾಗಿಲಲ್ಲಿ ಹಿಡಿಸಲ್ಲ, ಅದು ಬಾಗಿಲಿನ ದೋಷವೇ. ಆದರೆ ಕುವೆಂಪು ಮೈಸೂರಲ್ಲಿ ‘ಕಾನೂರು ಹೆಗ್ಗಡಿತಿ’ ಬರೆದ ಕಾಲಕ್ಕೇ ಅದೇ ಊರಿನ ಇನ್ನೊಬ್ಬರು ಏಜೆಂಟ್ ಇಟ್ಕೊಂಡಿದ್ದರು.

ಮೇಷ್ಟ್ರು: ಆರ್.ಕೆ. ನಾರಾಯಣ್.

ಮೇಡಂ: ಹೌದು. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಲಂಡನ್ನಿನ ಪ್ರಕಾಶಕರಿಂದ ವಾಪಸ್ ಬಂದೂ ಬಂದೂ ಕೊನೆಗೆ, ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕು ಅಂತ ಅಲ್ಲಿದ್ದ ಗೆಳೆಯ ಪೂರ್ಣನಿಗೆ ತಿಳಿಸಿದ್ದರು. ಆತ ನದಿಗೆ ಹಾಕೋ ಬದಲು ಆಕ್ಸ್‌ಫರ್ಡಿನಲ್ಲಿದ್ದ ಗ್ರಹಾಂ ಗ್ರೀನ್ ಕೈಗೆ ಕೊಟ್ಟ. ಗ್ರೀನ್ ಪ್ರಕಾಶಕರನ್ನ ಹುಡುಕಿದರು, ಹೆಸರು ಮೊಟಕು ಮಾಡಿಸಿದರು, ತಮ್ಮ ಏಜೆಂಟ್ ಡೇವಿಡ್ ಹೈಯಮ್ ಅವರನ್ನ ನಾರಾಯಣರಿಗೂ ಗೊತ್ತು ಮಾಡಿದರು. 1935ರಲ್ಲಿ ಹೇಮಿಶ್ ಹ್ಯಾಮಿಲ್ಟನ್ ಪುಸ್ತಕ ತಂದರು. ಎಲ್ಲರೂ ಹೇಳೋ ಕಥೆ ಅಲ್ಲಿಗೆ ಮುಗಿಯುತ್ತೆ. ನನಗೆ ಮುಖ್ಯ ಅನ್ನಿಸೋದು ಆಮೇಲಿನದ್ದು. ಪುಸ್ತಕ ಮಾರಾಟ ಆಗಲಿಲ್ಲ, ಹ್ಯಾಮಿಲ್ಟನ್ ಕೈಬಿಟ್ಟರು. ಮುಂದಿನ ಕಾದಂಬರಿ 1937ರಲ್ಲಿ ನೆಲ್ಸನ್‌ನಿಂದ, ಅದರ ಮುಂದಿನದು 1938ರಲ್ಲಿ ಮ್ಯಾಕ್‌ಮಿಲನ್‌ನಿಂದ, 1945ರಲ್ಲಿ ‘ದಿ ಇಂಗ್ಲಿಷ್ ಟೀಚರ್’ ಇನ್ನೊಂದು ಕಡೆಯಿಂದ. ನಾಲ್ಕು ಪುಸ್ತಕ, ನಾಲ್ಕು ಪ್ರಕಾಶಕರು. ಲೇಖಕ ಕೂತಿದ್ದದ್ದು ಮೈಸೂರಿನ ಮನೆಯಲ್ಲಿ. ಅಲ್ಲಿ ಅವರ ಪರವಾಗಿ ಓಡಾಡೋರು ಇಲ್ಲದಿದ್ದರೆ ಎರಡನೇ ಪುಸ್ತಕಕ್ಕೇ ಕಥೆ ಮುಗೀತಿತ್ತು.

ಮೇಷ್ಟ್ರು: ಅಂದರೆ ಒಬ್ಬ ಗ್ರಹಾಂ ಗ್ರೀನ್ ಬೇಕು. ಕೊನೆಗೂ ವಶೀಲಿಯೇ!

ಮೇಡಂ: ಗುರುತಿನವರು ಪರಿಚಯ ಮಾಡಿಸಿದರೆ ಪತ್ರ ಬೇಗ ಓದ್ತಾರೆ, ಸುಳ್ಳು ಯಾಕೆ ಹೇಳಲಿ. ಆದರೆ ಗ್ರೀನ್ ಪುಸ್ತಕ ಓದಿ ಮೆಚ್ಚಿ ಹೇಳಿದ್ದು. ಓದದೇ ಇದ್ದೋರ ಕೈಲಿ ‘ನಮ್ಮ ಹುಡುಗ, ಸ್ವಲ್ಪ ನೋಡಿ’ ಅಂತ ಫೋನ್ ಮಾಡಿಸಿದರೆ ಇದ್ದದ್ದೂ ಕೆಡುತ್ತೆ. ನೀವೇ ಫೋನ್ ಮಾಡೋದು, ವಾಟ್ಸಾಪಲ್ಲಿ ಗುಡ್ ಮಾರ್ನಿಂಗ್ ಕಳಿಸೋದು, ಫೇಸ್‌ಬುಕ್ಕಲ್ಲಿ ಹಿಂದೆ ಬೀಳೋದು ಯಾವುದೂ ಬೇಡ. ಆರರಿಂದ ಹನ್ನೆರಡು ವಾರ ಕಾಯಿರಿ. ಅವರು ಅವಧಿ ಹೇಳಿದ್ದರೆ ಅದು ಕಳೆದ ಮೇಲೆ ಎರಡು ಸಾಲಿನ ನೆನಪೋಲೆ ಹಾಕಿ. ಎಷ್ಟೋ ಕಡೆ ಉತ್ತರವೇ ಬರಲ್ಲ. ಅದೇ ‘ಇಲ್ಲ’ ಅಂತ.

ಮೇಷ್ಟ್ರು: ಬೇಡ ಅಂತ ಬರೆದರೆ ಯಾಕೆ ಬೇಡ ಅಂತ ಕೇಳಬಹುದಾ?

ಮೇಡಂ: ವಾದಕ್ಕೆ ಇಳೀಬೇಡಿ. ಕಾರಣ ಕೊಟ್ಟಿದ್ದರೆ ಥ್ಯಾಂಕ್ಸ್ ಹೇಳಿ, ಕೊಡದಿದ್ದರೆ ಸುಮ್ಮನಿರಿ. ಕ್ಯಾಥರಿನ್ ಸ್ಟಾಕೆಟ್ ಅವರ ‘ದಿ ಹೆಲ್ಪ್’ ಕಾದಂಬರಿಯನ್ನ ಅರವತ್ತು ಏಜೆಂಟರು ಬೇಡ ಅಂದಿದ್ದರು ಅಂತ ಎಲ್ಲರೂ ಸ್ಫೂರ್ತಿಗೆ ಹೇಳ್ತಾರೆ. ಆ ನಡುವೆ ಆಕೆ ತಿದ್ದಿ ತಿದ್ದಿ ಬರೀತಾನೇ ಇದ್ದರು ಅನ್ನೋದನ್ನ ಯಾರೂ ಹೇಳಲ್ಲ. ಅದಕ್ಕೇ ಐದಾರು ಜನಕ್ಕೆ ಮಾತ್ರ ಕಳಿಸಿ ಅಂದದ್ದು. ಪತ್ರದಲ್ಲೇ ಕೊರತೆ ಇದ್ದರೆ ಮುಂದಿನ ಐದಕ್ಕೆ ತಿದ್ದಬಹುದು. ಎಲ್ಲರಿಗೂ ಒಂದೇ ದಿನ ಕಳಿಸಿದರೆ ತಿದ್ದಿ ಯಾರಿಗೆ ಕಳಿಸ್ತೀರಿ? ಪ್ರಕಾಶಕರಿಗೆ ಯಾರಿಗಾದರೂ ನೇರವಾಗಿ ಕೊಟ್ಟಿದ್ದೀರಾ?

ಮೇಷ್ಟ್ರು: ದೆಹಲಿಯ ಇಬ್ಬರಿಗೆ ಹೋದ ವರ್ಷ ಕಳಿಸಿದ್ದೆ. ಒಬ್ಬರು ಬೇಡ ಅಂದರು, ಇನ್ನೊಬ್ಬರು ಸುದ್ದಿಯಿಲ್ಲ.

ಮೇಡಂ: ಅದನ್ನ ಮುಚ್ಚಿಡಬೇಡಿ. ಏಜೆಂಟ್ ಮಾತುಕತೆಗೆ ಬಂದ ದಿನವೇ ಹೇಳಿ. ಒಮ್ಮೆ ಬೇಡ ಅಂದವರ ಹತ್ತಿರ ಅದೇ ಹಸ್ತಪ್ರತಿ ಹಿಡ್ಕೊಂಡು ಹೋದರೆ ಅವರ ಮುಖ ಉಳಿಯಲ್ಲ. ದೇಶದ ಪ್ರಕಾಶಕರೆಲ್ಲರಿಗೂ ನೀವೇ ಕಳಿಸಿ ಮುಗಿಸಿದ ಮೇಲೆ ಏಜೆಂಟರಿಗೆ ಮಾರೋಕೆ ಏನು ಉಳಿಯುತ್ತೆ?

ಮೇಷ್ಟ್ರು: ಒಬ್ಬ ಏಜೆಂಟ್ ತಾವಾಗೇ ಮೇಲ್ ಮಾಡಿದ್ದಾರೆ ಮೇಡಂ. ಓದಿ ಮೌಲ್ಯಮಾಪನ ಮಾಡೋಕೆ ಇಷ್ಟು ಅಂತ ದುಡ್ಡು ಕೇಳಿದ್ದಾರೆ. ಮುಂದೆ ಹಾಲಿವುಡ್‌ಗೂ ತೋರಿಸ್ತಾರಂತೆ.

ಮೇಡಂ: ಆ ಮೇಲ್ ಡಿಲೀಟ್ ಮಾಡಿ. ಇಂಗ್ಲೆಂಡಿನ ಏಜೆಂಟರ ಸಂಘ, ಅಮೆರಿಕದ ಏಜೆಂಟರ ಸಂಘ ಎರಡೂ ತಮ್ಮ ಸದಸ್ಯರು ಓದೋಕೆ ಶುಲ್ಕ ತಗೋಬಾರದು ಅಂತ ನಿಯಮ ಮಾಡಿವೆ. ಕೆಲವರು ಹೆಸರಾಂತ ಏಜೆಂಟರ ಹೆಸರಿನಲ್ಲೇ ನಕಲಿ ವಿಳಾಸದಿಂದ ಬರೀತಾರೆ. ಮೇಲ್ ಐಡಿಯನ್ನ ಏಜೆನ್ಸಿಯ ವೆಬ್‌ಸೈಟಿನ ಐಡಿ ಜೊತೆ ಹೋಲಿಸಿ ನೋಡಿ. ತಾನಾಗಿ ಬಂದು ನಿಮ್ಮನ್ನ ಹೊಗಳೋ ಏಜೆಂಟ್ ಅಂದರೆ ಮೊದಲು ಅನುಮಾನ ಪಡಿ. ನಮ್ಮಲ್ಲಿ ಲೇಖಕರೇ ದುಡ್ಡು ಹಾಕಿ ಅಚ್ಚು ಮಾಡಿಸಿ, ಗ್ರಂಥಾಲಯದ ಸಗಟು ಖರೀದಿಗೆ ಕಾದು ಕಾದು ಅಭ್ಯಾಸ ಆಗಿಬಿಟ್ಟಿದೆ. ಯಾರಾದರೂ ದುಡ್ಡು ಕೇಳಿದರೆ ವಿಚಿತ್ರ ಅನ್ನಿಸೋದೇ ಇಲ್ಲ.

ಮೇಷ್ಟ್ರು: ಹಾಗಾದರೆ ಸರಿಯಾದವರು ಎಷ್ಟು ತಗೋತಾರೆ?

ಮೇಡಂ: ಮಾರಿದ ಮೇಲೆ, ಬಂದ ದುಡ್ಡಲ್ಲಿ. ಸಾಮಾನ್ಯವಾಗಿ ಒಳದೇಶದ ಮಾರಾಟಕ್ಕೆ ನೂರಕ್ಕೆ 15, ಹೊರದೇಶದ ಹಕ್ಕುಗಳಿಗೆ 20, ಅಲ್ಲಿ ಇನ್ನೊಬ್ಬ ಉಪ ಏಜೆಂಟ್ ಇರ್ತಾರೆ ಅಂತ. ಮುಂಗಡ ಒಂದು ಲಕ್ಷ ಬಂತು ಅಂತ ಇಟ್ಕೊಳಿ. ಹದಿನೈದು ಸಾವಿರ ಏಜೆಂಟರಿಗೆ. ಉಳಿದ 85,000 ಲೇಖಕರಿಗೂ ಅನುವಾದಕರಿಗೂ ಸಮಪಾಲು ಅಂತ ಮಾಡ್ಕೊಂಡಿದ್ದರೆ ನಿಮಗೆ 42,500. ಟಿಡಿಎಸ್ ಬೇರೆ.

ಮೇಷ್ಟ್ರು: ಇಷ್ಟು ವರ್ಷದ ಕೆಲಸಕ್ಕೆ! ಅದೇ ಬೂಕರ್ ಆದರೆ...

ಮೇಡಂ: ಐವತ್ತು ಸಾವಿರ ಪೌಂಡು, ಅಲ್ಲೂ ಅರ್ಧರ್ಧ. ಅದನ್ನ ನೆಚ್ಚಿಕೊಂಡು ಸಾಲ ಮಾಡಬೇಡಿ. ‘ಹಾರ್ಟ್ ಲ್ಯಾಂಪ್’ ಹೊರಗೆ ತಂದದ್ದು ಶೆಫೀಲ್ಡಿನ ಸಣ್ಣ ಪ್ರಕಾಶನ, ಆ್ಯಂಡ್ ಅದರ್ ಸ್ಟೋರೀಸ್. ಇಂಗ್ಲಿಷ್ ಪೆನ್ ಸಂಸ್ಥೆಯ ಅನುವಾದದ ನೆರವೂ ಅದಕ್ಕೆ ಸಿಕ್ಕಿತ್ತು. ಅಂಥ ಸಣ್ಣ ಪ್ರಕಾಶನಗಳಲ್ಲಿ ಕೆಲವು ವರ್ಷದ ಒಂದು ಅವಧಿಯಲ್ಲಿ ನೇರವಾಗಿಯೇ ಹಸ್ತಪ್ರತಿ ತಗೊಳ್ತವೆ. ಏಜೆಂಟ್ ಇಲ್ಲದೆ ಆಗೋದೇ ಇಲ್ಲ ಅಂತ ನಾನು ಹೇಳಲ್ಲ. ಆದರೆ ಅದಕ್ಕೆ ಮುಂಚೆ ಒಂದು ಅಧ್ಯಾಯವನ್ನ ವರ್ಡ್ಸ್ ವಿದೌಟ್ ಬಾರ್ಡರ್ಸ್, ಆಸಿಂಪ್ಟೋಟ್ ಥರದ ಅನುವಾದದ ಪತ್ರಿಕೆಗೆ ಕಳಿಸಿ. ಅಚ್ಚಾದರೆ ಪತ್ರದಲ್ಲಿ ಬರೆಯೋಕೆ ಒಳ್ಳೆ ಸಾಲು ಸಿಗುತ್ತೆ.

ಮೇಷ್ಟ್ರು: ಯಾವ ಅಧ್ಯಾಯ? ಮೊದಲನೆಯದು ಅಂದ್ಕೊಂಡಿದ್ದೆ. ಊರಿನ ವರ್ಣನೆ ಇದೆ, ಕಲ್ಪತರು ನಾಡಿನ ಇತಿಹಾಸ...

ಮೇಡಂ: ಹದಿನಾಲ್ಕು ಪುಟ, ಗುಮಾಸ್ತ ಬರೋದು ಹದಿನೈದನೇ ಪುಟಕ್ಕೆ. ಏಜೆಂಟ್ ಮೊದಲ ಹತ್ತು ಪುಟ ಕೇಳಿದರೆ ಕಥೆಯೇ ಅವರ ಕಣ್ಣಿಗೆ ಬೀಳಲ್ಲ.

ಮೇಷ್ಟ್ರು: ಅದನ್ನ ಮಾತ್ರ ಕತ್ತರಿಸಲ್ಲ ಮೇಡಂ. ಲೇಖಕರು ಬರೆದದ್ದು ಹಾಗೆ. ಮಂಡಿ ಎಷ್ಟು ಹಳೇದು ಅಂತ ಗೊತ್ತಾದ ಮೇಲೇ ಗುಮಾಸ್ತನ ಭಯ ಅರ್ಥ ಆಗೋದು.

ಮೇಡಂ: ಕತ್ತರಿಸಿ ಅನ್ನಲ್ಲ. ಅನುವಾದದ ಮಾದರಿಗೆ ಬೇರೆ ಅಧ್ಯಾಯ ಕೊಡಬಹುದಾ ಅಂತ ಕೆಲವರನ್ನ ಕೇಳಬಹುದು. ಮೊದಲ ಪುಟಗಳೇ ಬೇಕು ಅಂದವರಿಗೆ ಅದನ್ನೇ ಕಳಿಸಿ, ಸೋತರೆ ಸೋಲಿ. ಆ ಹಟ ನಿಮಗಿರಲಿ. ಅಡಿಟಿಪ್ಪಣಿ ಮಾತ್ರ ತೆಗೀರಿ, ಪುಟಕ್ಕೆ ಆರಾರು ಇವೆ. ಈಗ ಆ ಸಮಪಾಲಿನ ವಿಷಯ. ಲೇಖಕರ ಮನೆಯವರ ಜೊತೆ ಏನು ಒಪ್ಪಂದ ಆಗಿದೆ?

ಮೇಷ್ಟ್ರು: ಲೇಖಕರು ತೀರಿಕೊಂಡು ಹತ್ತಿರ ಹತ್ತಿರ ಇಪ್ಪತ್ತು ವರ್ಷ ಆಯ್ತು. ಅವರ ಶ್ರೀಮತಿಯವರು ಮೈಸೂರಲ್ಲಿದ್ದಾರೆ. ಫೋನ್ ಮಾಡಿದ್ದೆ, ‘ಮಾಡಿ ಮಾಡಿ, ಒಳ್ಳೇ ಕೆಲಸ’ ಅಂದರು.

ಮೇಡಂ: ಬರವಣಿಗೆಯಲ್ಲಿ?

ಮೇಷ್ಟ್ರು: ಇಲ್ಲ.

ಮೇಡಂ: ಮೇಷ್ಟ್ರೇ, ಇಷ್ಟು ಹೊತ್ತು ಹೇಳಿದ್ದೆಲ್ಲ ಪಕ್ಕಕ್ಕಿಡಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ವಾರಸುದಾರರದ್ದು. ಅನುವಾದ ಮಾಡಿಸೋ ಹಕ್ಕೂ ಅದರಲ್ಲಿ ಸೇರಿದೆ. 1986ರಲ್ಲಿ ತೀರಿಕೊಂಡ ಮಾಸ್ತಿಯವರದೇ 2046ರ ಕೊನೇತನಕ ಇರುತ್ತೆ. ನಿಮ್ಮ ಲೇಖಕರದು ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಮುಗಿಯುತ್ತೇನೋ. ಮಕ್ಕಳೆಷ್ಟು ಜನ?

ಮೇಷ್ಟ್ರು: ಒಬ್ಬ ಮಗ, ಅವರೂ ಮೈಸೂರೇ. ಮಗಳು ನ್ಯೂಜೆರ್ಸಿಯಲ್ಲಿ.

ಮೇಡಂ: ಮೂರೂ ಜನರ ಸಹಿ ಬೇಕು, ಉಯಿಲಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ. ಉಯಿಲು ಇದೆಯಾ ಅಂತಲೂ ಕೇಳಿ. ಕನ್ನಡ ಪ್ರಕಾಶಕರ ಕರಾರಿನಲ್ಲಿ ಅನುವಾದದ ಹಕ್ಕನ್ನ ಅವರಿಗೆ ಬರೆದುಕೊಟ್ಟಿದ್ದಾರಾ, ಅದನ್ನೂ ನೋಡಿ. ಇಂಗ್ಲಿಷ್ ಅನುವಾದ ನಿಮಗೊಬ್ಬರಿಗೇ, ಯಾವ ಯಾವ ದೇಶಕ್ಕೆ, ಪ್ರಕಾಶಕರು ಸಿಗೋಕೆ ಎಷ್ಟು ವರ್ಷದ ಅವಧಿ, ದುಡ್ಡು ಹೇಗೆ ಹಂಚಿಕೆ, ಸಿನಿಮಾ ಹಕ್ಕು ಯಾರದು, ಇದನ್ನೆಲ್ಲ ಒಪ್ಪಂದದಲ್ಲಿ ಬರೆಸಿ. ಎರಡು ಪುಟ ಸಾಕು. ಏಜೆಂಟ್ ಪ್ರತಿನಿಧಿಸೋದು ನಿಮ್ಮನ್ನೋ, ಅವರನ್ನೋ, ಇಬ್ಬರನ್ನೂನೋ, ಅದಕ್ಕೂ ಇದೇ ಆಧಾರ. ಏಜೆಂಟ್ ಆಸಕ್ತಿ ತೋರಿಸಿದರೆ ಮೊದಲು ಕೇಳೋದೇ ‘ರೈಟ್ಸ್ ಯಾರ ಹತ್ತಿರ ಇದೆ?’ ಅಂತ. ಆಗ ‘ಫೋನಲ್ಲಿ ಹೂಂ ಅಂದಿದ್ದಾರೆ’ ಅಂತೀರಾ?

ಮೇಷ್ಟ್ರು: ಮಗಳು ಸ್ವಲ್ಪ ಖಡಕ್ಕು ಅಂತ ಕೇಳಿದ್ದೀನಿ. ಅನುವಾದ ಓದದೆ ಒಪ್ಪಲ್ಲ ಅನ್ನಬಹುದು.

ಮೇಡಂ: ಒಳ್ಳೇದೇ ಆಯ್ತು, ಓದಲಿ. ಮುನ್ನುಡಿ, ವಿಮರ್ಶೆಗಳ ಸ್ಕ್ಯಾನ್ ಎಲ್ಲ ಅವರಿಗೆ ಕಳಿಸಿ. ಅಪ್ಪನ ಬಗ್ಗೆ ಬರೆದದ್ದು, ಅವರು ಓದಿಯೇ ಓದ್ತಾರೆ.

ಮೇಷ್ಟ್ರು: ಒಪ್ಪದಿದ್ದರೆ?

ಮೇಡಂ: ಒಪ್ಪದಿದ್ದರೆ ಯಾವ ಏಜೆಂಟೂ ಏನೂ ಮಾಡೋಕಾಗಲ್ಲ. ಮೇಲ್ ಐಡಿ ಇದೆಯಾ?

ಮೇಷ್ಟ್ರು: ಅವರ ಅಮ್ಮನ ಹತ್ತಿರ ಇಸ್ಕೋಬೇಕು. ನಾಳೆ ಮೈಸೂರಿಗೇ ಹೋಗಿ ಬರ್ತೀನಿ.